ಎಳೆಯುವ ಬಲ, ನಿಲ್ಲಿಸುವ ಬಲ: ಹಳೆಯ ಟ್ರ್ಯಾಕ್ಟರನ್ನು ಕೊಳ್ಳುವ ಮುನ್ನ

ಭದ್ರಾ ನಾಲೆಯ ನೀರು ಹರಿಯುವ ದಾವಣಗೆರೆ, ಹರಿಹರದ ಸೀಮೆಯಲ್ಲಿ ಹೊರೆಯೆಂಬುದು ಬಹುಮಟ್ಟಿಗೆ ಟ್ರ್ಯಾಕ್ಟರಿನ ಹಿಂದೆಯೇ ಸಾಗುತ್ತದೆ. ಗದ್ದೆಯಿಂದ ಅಕ್ಕಿಯ ಗಿರಣಿಗೆ ಹೋಗುವ ಬತ್ತ, ಕಣದಿಂದ ಮಾರುಕಟ್ಟೆಗೆ ಹೋಗುವ ಮೆಕ್ಕೆಜೋಳ, ಕಾರ್ಖಾನೆಗೆ ಹೋಗುವ ಕಬ್ಬು, ಇವೆಲ್ಲಕ್ಕೂ ಅದೇ ವಾಹನ. ಹೆಸರಿನಲ್ಲಿ ಮಾತ್ರ ಹಳ್ಳಿಯನ್ನುಳಿಸಿಕೊಂಡು ನಗರದೊಳಗೆ ಬೆರೆತುಹೋಗಿರುವ ನಿಟ್ಟುವಳ್ಳಿಯಂಥ ಬಡಾವಣೆಗಳಲ್ಲಿ ಮನೆ ಕಟ್ಟುವವರಿಗೆ ಇಟ್ಟಿಗೆ, ಮಣ್ಣುಗಳನ್ನು ತಂದು ಸುರಿಯುವುದೂ ಅದೇ. ಅಮೆರಿಕದ ಒಕ್ಕಲಿಗನು ಇಂಥ ಕೆಲಸಕ್ಕೆ ಭಾರಿ ಡೀಸೆಲ್ ಪಿಕಪ್ ಬಂಡಿಯನ್ನು ಹೂಡುತ್ತಾನೆ. ನಮ್ಮಲ್ಲಿ ಪಿಕಪ್ಪು ಹೊರುವ ಬಂಡಿ, ಟ್ರ್ಯಾಕ್ಟರು ಎಳೆಯುವ ಬಂಡಿ.

ಹೊಸ ಟ್ರ್ಯಾಕ್ಟರಿಗೆ ಹಲವು ಲಕ್ಷ ರೂಪಾಯಿಗಳು ಬೇಕು. ಆದುದರಿಂದ ಮೂರು ನಾಲ್ಕು ಎಕರೆಯ ರೈತನೂ ಬಾಡಿಗೆಗೆ ಹೊರೆ ಹೊಡೆದು ಬದುಕುವವನೂ ಹಲವು ವೇಳೆ ಒಬ್ಬರ ಕೈಯಲ್ಲಿ ದುಡಿದು ಬಂದ ಯಂತ್ರವನ್ನೇ ಕೊಳ್ಳಬೇಕಾಗುತ್ತದೆ. ಇದು ಅನೇಕ ಸಂಸಾರಗಳಿಗೆ ಭೂಮಿ ಮತ್ತು ಮನೆಗಳ ತರುವಾಯದ ಅತಿ ದೊಡ್ಡ ಖರೀದಿ. ಹೀಗಿದ್ದರೂ ಕೊಳ್ಳುವ ವೇಳೆಯಲ್ಲಿ ಬಣ್ಣವನ್ನು ನೋಡಿ, ಗಂಟೆಯ ಮಾಪಕವನ್ನು ನೋಡಿ, ಎಂಜಿನ್ನಿನ ಸದ್ದನ್ನೊಮ್ಮೆ ಕೇಳಿ, ಎಷ್ಟು ಅಶ್ವಶಕ್ತಿಯೆಂದು ವಿಚಾರಿಸಿ ಮುಂಗಡ ಕೊಟ್ಟುಬಿಡುವವರೇ ಹೆಚ್ಚು. ಬಣ್ಣವನ್ನು ಮತ್ತೆ ಬಳಿಯಬಹುದು, ಮಾಪಕದ ತಂತಿಯನ್ನು ಕಳಚಿಡಬಹುದು. ಆದರೆ ಒತ್ತಡ, ಘರ್ಷಣೆ, ತೂಕ, ಚಲನೆ ಇವುಗಳ ನಿಯಮಗಳನ್ನು ಯಾವ ದಲ್ಲಾಳಿಯೂ ತಿದ್ದಲಾರ. ಶಾಲೆಯ ಪಠ್ಯಪುಸ್ತಕದಲ್ಲಿರುವ ಆ ನಿಯಮಗಳ ಬೆಳಕಿನಲ್ಲಿ ಹಳೆಯ ಯಂತ್ರವೊಂದನ್ನು ಪರೀಕ್ಷಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಅಶ್ವಶಕ್ತಿಯ ಲೆಕ್ಕ

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಟ್ರ್ಯಾಕ್ಟರಿನ ತೂಕ 2 ಟನ್ನು. ಬರಿಯ ಟ್ರೇಲರಿನ ತೂಕ ಒಂದೂವರೆ ಟನ್ನು. ಅದರಲ್ಲಿ 75 ಕಿಲೋಗ್ರಾಮಿನ 60 ಚೀಲ ಬತ್ತವನ್ನು ಹೇರಿದರೆ ನಾಲ್ಕೂವರೆ ಟನ್ನು. ಒಟ್ಟು 8 ಟನ್ನು ಚಲಿಸಬೇಕು. ಲೆಕ್ಕದ ಸೌಕರ್ಯಕ್ಕಾಗಿ ಬಲವನ್ನು ಕಿಲೋಗ್ರಾಂ ತೂಕದಲ್ಲಿಯೇ ಹೇಳುತ್ತೇನೆ.

ಒಳ್ಳೆಯ ಡಾಂಬರು ರಸ್ತೆಯ ಮೇಲೆ ಗಾಲಿ ಉರುಳುವಾಗ ಒದಗುವ ತಡೆಯು ತೂಕದ ಸುಮಾರು ನೂರನೆಯ ಎರಡು ಪಾಲು, ಎಂದರೆ 160 ಕಿಲೋಗ್ರಾಂ. ಮೆತ್ತನೆಯ ಹೊಲದ ದಾರಿಯಲ್ಲಿ ಅದು ನೂರಕ್ಕೆ ಎಂಟರಷ್ಟಾಗಿ 640 ಕಿಲೋಗ್ರಾಮಿಗೆ ಏರಬಹುದು. ಇನ್ನು ಏರು. ಭಾರತದ ರಸ್ತೆ ನಿರ್ಮಾಣದ ಸಂಹಿತೆಗಳು ಬಯಲು ಸೀಮೆಯ ಹೆದ್ದಾರಿಗಳಿಗೆ ಸಾಮಾನ್ಯವಾಗಿ ಮೂವತ್ತಕ್ಕೆ ಒಂದರ ಏರನ್ನೂ ಅನಿವಾರ್ಯವಾದಲ್ಲಿ ಇಪ್ಪತ್ತಕ್ಕೆ ಒಂದರ ಏರನ್ನೂ ಒಪ್ಪುತ್ತವೆ. ನಾಲೆಯ ಏರಿಯನ್ನು ಹತ್ತುವ ಕಚ್ಚಾ ದಾರಿಗಳು ಇದಕ್ಕಿಂತಲೂ ಕಡಿದಾಗಿರುವುದುಂಟು. ಇಪ್ಪತ್ತಕ್ಕೆ ಒಂದರ ಏರಿನಲ್ಲಿ ಒಟ್ಟು ತೂಕದ ಇಪ್ಪತ್ತನೆಯ ಒಂದು ಪಾಲು, ಎಂದರೆ 400 ಕಿಲೋಗ್ರಾಂ, ಹಿಂದಕ್ಕೆ ಜಗ್ಗುತ್ತದೆ.

ಡಾಂಬರಿನ ಮೇಲೆ ಈ ಏರನ್ನು ಗಂಟೆಗೆ 15 ಕಿಲೋಮೀಟರಿನಂತೆ ಹತ್ತಬೇಕಾದರೆ 560 ಕಿಲೋಗ್ರಾಂ ಬಲವನ್ನು ಸೆಕೆಂಡಿಗೆ 4.17 ಮೀಟರಿನಂತೆ ಒದಗಿಸಬೇಕು. ಒಂದು ಅಶ್ವಶಕ್ತಿಯೆಂದರೆ ಸೆಕೆಂಡಿಗೆ 75 ಕಿಲೋಗ್ರಾಂ-ಮೀಟರು. ಭಾಗಿಸಿ ನೋಡಿದರೆ ಸುಮಾರು 31 ಅಶ್ವಶಕ್ತಿ ಬರುತ್ತದೆ. ಗೇರುಗಳಲ್ಲಿ ನಷ್ಟವಾಗುವುದನ್ನು ಸೇರಿಸಿದರೆ ಎಂಜಿನ್ನು 36 ಅಶ್ವಶಕ್ತಿಯನ್ನು ಕೊಡಬೇಕು. ಹಾಗಾದರೆ 30 ಅಶ್ವಶಕ್ತಿಯ ಟ್ರ್ಯಾಕ್ಟರಿಗೆ ಈ ಏರು ಅಸಾಧ್ಯವೆ? ಇಲ್ಲ. ಗೇರನ್ನು ಇಳಿಸಿ ಗಂಟೆಗೆ 10 ಕಿಲೋಮೀಟರಿನಂತೆ ಹೊರಟರೆ ಅದೂ ಹತ್ತುತ್ತದೆ. ಅಶ್ವಶಕ್ತಿಯು ನಿರ್ಧರಿಸುವುದು ಎಷ್ಟು ಬೇಗ ಎಂಬುದನ್ನು. ಎಷ್ಟು ಹೊರೆ ಎಂಬುದನ್ನಲ್ಲ.

ಹೊರೆಯನ್ನು ನಿರ್ಧರಿಸುವುದು ಗಾಲಿಯನ್ನು ತಿರುಗಿಸುವ ಬಲ. ಎರಡು ಸಾವಿರ ಸುತ್ತಿನ ವೇಗದಲ್ಲಿ 40 ಅಶ್ವಶಕ್ತಿಯನ್ನು ಕೊಡುವ ಎಂಜಿನ್ನಿನ ತಿರುಗುಬಲವು ಸುಮಾರು 140 ನ್ಯೂಟನ್-ಮೀಟರು. ಒಳ್ಳೆಯ ಡೀಸೆಲ್ ಎಂಜಿನ್ನಿನ ಲಕ್ಷಣವೆಂದರೆ ಹೊರೆ ಹೆಚ್ಚಿ ವೇಗ ಕುಗ್ಗಿದಂತೆ ಈ ಬಲ ಕುಗ್ಗದೆ ಸ್ವಲ್ಪ ಏರುವುದು. ಏರಿನ ನಡುವೆ ಎಂಜಿನ್ನು ಗೊಣಗುತ್ತಲಾದರೂ ಕಚ್ಚಿಕೊಂಡು ನಡೆಯುವುದಕ್ಕೆ ಈ ಗುಣವೇ ಕಾರಣ. ಪರೀಕ್ಷೆಗಾಗಿ ಹೊರೆಯೇರಿಸಿದ ಟ್ರೇಲರನ್ನು ಕಟ್ಟಿ ಏರಿನಲ್ಲಿ ಓಡಿಸದೆ, ಖಾಲಿ ಟ್ರ್ಯಾಕ್ಟರನ್ನು ಬೀದಿಯಲ್ಲಿ ಸುತ್ತಿಸಿ ತಂದರೆ ಇದೊಂದೂ ತಿಳಿಯುವುದಿಲ್ಲ.

ಇನ್ನೊಂದು ಸೂಕ್ಷ್ಮವುಂಟು. ದಾವಣಗೆರೆಯು ಸಮುದ್ರಮಟ್ಟದಿಂದ ಸುಮಾರು 600 ಮೀಟರು ಎತ್ತರದಲ್ಲಿದೆ. ಇಲ್ಲಿಯ ಗಾಳಿ ಕರಾವಳಿಯ ಗಾಳಿಗಿಂತ ನೂರಕ್ಕೆ ಐದಾರು ಪಾಲು ತೆಳು. ಟರ್ಬೊ ಇಲ್ಲದ ಎಂಜಿನ್ನು ಅಷ್ಟು ಶಕ್ತಿಯನ್ನು ಕಳೆದುಕೊಳ್ಳುವುದು ಸಹಜವೇ ಹೊರತು ದೋಷವಲ್ಲ.

ಹಿಡಿತ

ಎಂಜಿನ್ನು ಎಷ್ಟೇ ಬಲವಾಗಿದ್ದರೂ ಆ ಬಲವು ನೆಲಕ್ಕೆ ಮುಟ್ಟುವುದು ಎರಡು ಹಿಂಗಾಲಿಗಳ ಮೂಲಕ. ಗಾಲಿಯ ಮೇಲಿನ ಭಾರವನ್ನು ನೆಲದ ಘರ್ಷಣಾಂಕದಿಂದ ಗುಣಿಸಿದರೆ ಎಷ್ಟು ಬರುತ್ತದೋ ಅಷ್ಟೇ ಎಳೆತ. ಅದಕ್ಕಿಂತ ಹೆಚ್ಚು ಕೇಳಿದರೆ ಗಾಲಿ ಬರಿದೆ ಸುತ್ತುತ್ತದೆ. ನಮ್ಮ ಉದಾಹರಣೆಯ ಟ್ರ್ಯಾಕ್ಟರಿನ 2000 ಕಿಲೋಗ್ರಾಮಿನಲ್ಲಿ 1300 ಹಿಂದಿನ ಅಚ್ಚಿನ ಮೇಲಿದೆಯೆಂದೂ, ಟ್ರೇಲರಿನ ಮೂಕಿಯು ಕೊಂಡಿಯ ಮೇಲೆ ಇನ್ನೂ 300 ಕಿಲೋಗ್ರಾಮನ್ನು ಹೇರಿದೆಯೆಂದೂ ಇಟ್ಟುಕೊಳ್ಳೋಣ. ಒಟ್ಟು 1600. ಒಣಗಿದ ಡಾಂಬರಿನಲ್ಲಿ ಘರ್ಷಣಾಂಕ 0.7 ಎಂದರೆ 1120 ಕಿಲೋಗ್ರಾಂ ಎಳೆತ ದೊರೆಯುತ್ತದೆ. ಮಳೆ ಬಿದ್ದ ಮಣ್ಣಿನ ದಾರಿಯಲ್ಲಿ ಅದು 0.3 ಆದರೆ 480 ಮಾತ್ರ. ಆ ದಾರಿಯಲ್ಲಿ ಬೇಕಾಗುವುದು ಸಮನೆಲದಲ್ಲಿಯೇ 640. ಎಳೆಯುವಾಗ ಮುಂಗಾಲಿಯ ಭಾರ ಕೊಂಚ ಹಿಂದಕ್ಕೆ ಸರಿದು ನೆರವಾಗುವುದಾದರೂ ಅಷ್ಟರಿಂದ ಈ ಕೊರತೆ ತುಂಬದು. 40ರ ಬದಲು 60 ಅಶ್ವಶಕ್ತಿಯ ಎಂಜಿನ್ನನ್ನು ಕೂರಿಸಿದರೂ ಬಂಡಿ ಅಲ್ಲಿಯೇ ಹೂತುಕೊಳ್ಳುತ್ತದೆ. ಆದುದರಿಂದ ಸವೆದ ಹಿಂದಿನ ಟೈರುಗಳನ್ನು ಸಣ್ಣ ಕೊರತೆಯೆಂದು ಎಣಿಸದೆ, ಹೊಸ ಜೋಡಿಯ ಬೆಲೆಯನ್ನು ಟ್ರ್ಯಾಕ್ಟರಿನ ಬೆಲೆಗೆ ಕೂಡಿಸಿಯೇ ಚೌಕಾಸಿಗೆ ಇಳಿಯಬೇಕು.

ಕೊಂಡಿಯ ಎತ್ತರವನ್ನೂ ಅಳೆಯಬೇಕು. ನೆಲದಿಂದ ಅರ್ಧ ಮೀಟರು ಎತ್ತರದಲ್ಲಿರುವ ಕೊಂಡಿಯಲ್ಲಿ 1000 ಕಿಲೋಗ್ರಾಂ ಜಗ್ಗಿದರೆ, ಅಚ್ಚುಗಳ ನಡುವಣ ದೂರ 1.9 ಮೀಟರು ಇರುವಾಗ, ಮುಂದಿನ ಗಾಲಿಗಳ ಮೇಲಿನ ಭಾರದಲ್ಲಿ ಸುಮಾರು 260 ಕಿಲೋಗ್ರಾಂ ಕಡಮೆಯಾಗುತ್ತದೆ. ಅಲ್ಲಿದ್ದ 700ರಲ್ಲಿ ಇದು ಸಹ್ಯ. ಅದೇ ಸರಪಳಿಯನ್ನು 1.2 ಮೀಟರು ಎತ್ತರದ ಮೇಲುಕೊಂಡಿಗೆ ಕಟ್ಟಿದರೆ 630 ಕಿಲೋಗ್ರಾಂ ಕಡಮೆಯಾಗಿ ಮುಂಗಾಲಿ ಬಹುಮಟ್ಟಿಗೆ ನೆಲವನ್ನು ಬಿಡುತ್ತದೆ. ಚುಕ್ಕಾಣಿ ಹಿಡಿತ ತಪ್ಪುತ್ತದೆ. ಒಮ್ಮೆಗೇ ಕ್ಲಚ್ಚು ಬಿಟ್ಟರೆ ಟ್ರ್ಯಾಕ್ಟರು ಹಿಮ್ಮಗುಚಿ ಚಾಲಕನ ಮೇಲೆ ಬೀಳುತ್ತದೆ. ಹಳೆಯ ಯಂತ್ರದಲ್ಲಿ ಯಾರಾದರೂ ಕೊಂಡಿಯನ್ನು ಬೆಸುಗೆ ಹಾಕಿ ಮೇಲಕ್ಕೆ ಏರಿಸಿದ್ದರೆ ಅದನ್ನು ತೆಗೆಸಿ, ತಯಾರಕರು ಗೊತ್ತುಮಾಡಿದ ಸ್ಥಾನಕ್ಕೆ ತರಬೇಕು.

ಎಂಜಿನ್ನಿನ ಉಸಿರು

ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ಗಾಳಿಯನ್ನು ಥಟ್ಟನೆ ಅದುಮಿದರೆ ಅದು ಕಾಯುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ ಈ ತತ್ತ್ವವನ್ನೇ ಆಧರಿಸಿ ಎಂಜಿನ್ನನ್ನು ರೂಪಿಸಿದನು. 1897ರಲ್ಲಿ ಔಗ್ಸ್‌ಬರ್ಗ್ ನಗರದಲ್ಲಿ ನಡೆದ ಪರೀಕ್ಷೆಯಲ್ಲಿ ಅವನ ಯಂತ್ರವು ಇಂಧನದ ಶಾಖದಲ್ಲಿ ನೂರಕ್ಕೆ ಸುಮಾರು 26 ಪಾಲನ್ನು ಕೆಲಸವಾಗಿ ಮಾರ್ಪಡಿಸಿತು. ಅಂದಿನ ಉಗಿಯಂತ್ರಗಳು ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಇದರಲ್ಲಿ ಕಿಡಿ ಹಾರಿಸುವ ಸಾಧನವಿಲ್ಲ. ಪಿಸ್ಟನ್ನು ಗಾಳಿಯನ್ನು ಹದಿನೇಳರಲ್ಲಿ ಒಂದು ಪಾಲಿಗೆ ಅದುಮಿತೆನ್ನೋಣ. 30 ಡಿಗ್ರಿಯಲ್ಲಿ ಒಳಹೊಕ್ಕ ಗಾಳಿ, ಶಾಖವೂ ಗಾಳಿಯೂ ಎಳ್ಳಷ್ಟೂ ಸೋರದಿದ್ದರೆ, 660 ಡಿಗ್ರಿಯನ್ನು ಮೀರಬೇಕು. ಕಾದ ಆ ಗಾಳಿಗೆ ಎಣ್ಣೆಯನ್ನು ಸಿಂಪಡಿಸಿದೊಡನೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ.

ನಿಜವಾದ ಎಂಜಿನ್ನಿನಲ್ಲಿ ಸೋರಿಕೆ ಇದ್ದೇ ಇದೆ. ಪಿಸ್ಟನ್ನಿನ ಬಳೆಗಳು ಸವೆದು, ಸಿಲಿಂಡರಿನ ಗೋಡೆ ತೇದು, ಕವಾಟಗಳು ಸರಿಯಾಗಿ ಕೂರದೆ ಹೋದಂತೆ ಒತ್ತಡ ತಗ್ಗುತ್ತದೆ, ಅದರೊಡನೆ ಶಾಖವೂ ತಗ್ಗುತ್ತದೆ. ಎಂಜಿನ್ನು ತಣ್ಣಗಿರುವಾಗ ಮತ್ತು ನಿಧಾನವಾಗಿ ತಿರುಗುವಾಗ ಈ ಕೊರತೆ ಎದ್ದು ಕಾಣುತ್ತದೆ: ಸೋರುವುದಕ್ಕೆ ಕಾಲವೂ ಹೆಚ್ಚು, ಶಾಖವನ್ನು ಹೀರುವುದಕ್ಕೆ ಗೋಡೆಯೂ ತಂಪು. ಒಮ್ಮೆ ಕಾದ ಮೇಲೆ ಅದೇ ಎಂಜಿನ್ನು ಜಾಣನಂತೆ ನಟಿಸುತ್ತದೆ. ಆದುದರಿಂದಲೇ ಯಂತ್ರವನ್ನು ನೋಡಲು ಬೆಳಗಿನ ಜಾವವೇ ಪ್ರಶಸ್ತ. ಹೋದೊಡನೆ ಎಂಜಿನ್ನಿನ ಮೈಯನ್ನು ಮುಟ್ಟಿ ನೋಡಿರಿ. ಬೆಚ್ಚಗಿದ್ದರೆ ಮಾರುವವನು ಮೊದಲೇ ಓಡಿಸಿಟ್ಟಿದ್ದಾನೆಂದು ತಿಳಿದು ಇನ್ನೊಂದು ದಿನ ಬರುವುದಾಗಿ ಹೇಳಿರಿ. ಸುಸ್ಥಿತಿಯ ಎಂಜಿನ್ನು ನಮ್ಮ ಸೀಮೆಯ ಚಳಿಗೆ ಎರಡು ಮೂರು ಸೆಕೆಂಡುಗಳಲ್ಲಿ ಹೊತ್ತಿಕೊಳ್ಳಬೇಕು.

ಬಳಿಕ ಹೊಗೆಯ ಬಣ್ಣವನ್ನು ಗಮನಿಸಬೇಕು. ಕಪ್ಪು ಹೊಗೆಯೆಂದರೆ ಪೂರ್ಣವಾಗಿ ಉರಿಯದ ಇಂಗಾಲ: ಎಣ್ಣೆ ಹೆಚ್ಚಾಗಿದೆ, ಇಲ್ಲವೆ ಗಾಳಿ ಸಾಲದಾಗಿದೆ. ಗಾಳಿಯ ಸೋಸುಕವನ್ನು ಶುಚಿ ಮಾಡಿದರೆ ಅಥವಾ ಇಂಧನದ ಪಂಪನ್ನು ಹೊಂದಿಸಿದರೆ ಇದು ಹಲವು ವೇಳೆ ನೀಗುತ್ತದೆ. ನೀಲಿ ಹೊಗೆಯೆಂದರೆ ಕೀಲೆಣ್ಣೆಯು ಸಿಲಿಂಡರಿಗೆ ನುಗ್ಗಿ ಉರಿಯುತ್ತಿದೆ. ಇದು ಸವೆತದ ಗುರುತು, ದುಬಾರಿಯ ರೋಗ. ಬಿಳಿಯ ಹೊಗೆ ಹೊತ್ತಿಸಿದ ಮೊದಲ ನಿಮಿಷದಲ್ಲಿ ಕಂಡು ಮಾಯವಾದರೆ ಚಿಂತೆಯಿಲ್ಲ. ಕಾದ ಮೇಲೂ ನಿಲ್ಲದಿದ್ದರೆ ಎಣ್ಣೆ ಹೊತ್ತಿಕೊಳ್ಳದೆ ಆವಿಯಾಗಿ ಹೋಗುತ್ತಿದೆ, ಅಥವಾ ತಂಪಿನ ನೀರು ಒಳಕ್ಕೆ ಸೋರುತ್ತಿದೆ.

ಎಂಜಿನ್ನಿಗೆ ಉಸಿರಾಡುವ ಒಂದು ಸಣ್ಣ ಕೊಳವೆಯುಂಟು. ಬಳೆಗಳನ್ನು ದಾಟಿ ಕೆಳಕ್ಕೆ ಸೋರಿದ ಅನಿಲ ಅದರಿಂದ ಹೊರಬರುತ್ತದೆ. ಎಂಜಿನ್ನು ಓಡುತ್ತಿರುವಾಗ ಕೀಲೆಣ್ಣೆ ಹಾಕುವ ಬಾಯಿಯ ಮುಚ್ಚಳವನ್ನು ಸಡಿಲಿಸಿ ಬೋರಲಾಗಿ ಅದರ ಮೇಲೆಯೇ ಇಡಿರಿ. ಮುಚ್ಚಳವು ಮೆಲ್ಲನೆ ನಡುಗಿದರೆ ಸರಿ. ಹಾರಿ ಬಿದ್ದರೆ ಅಥವಾ ಉಗಿಯಂತೆ ಹೊಗೆ ಚಿಮ್ಮಿದರೆ ಆ ಎಂಜಿನ್ನನ್ನು ಬಿಚ್ಚಬೇಕಾದ ಕಾಲ ಬಂದಿದೆ. ಕೀಲೆಣ್ಣೆ ಕಪ್ಪಾಗಿರುವುದು ಡೀಸೆಲ್ಲಿನಲ್ಲಿ ಸಹಜ. ಹಾಲು ಬೆರೆಸಿದ ಚಹದಂತಿದ್ದರೆ ನೀರು ಸೇರಿದೆ ಎಂದರ್ಥ.

ಸಂಶಯ ಉಳಿದರೆ ಸ್ವಲ್ಪ ಹಣ ಕೊಟ್ಟು ಮೇಸ್ತ್ರಿಯಿಂದ ಒತ್ತಡವನ್ನೇ ಅಳೆಯಿಸಬಹುದು. ಸಿಂಪಡಿಕೆಯ ಸಾಧನವನ್ನು ಕಳಚಿ ಅಲ್ಲಿ ಮಾಪಕವನ್ನು ಕೂರಿಸಿ ಎಂಜಿನ್ನನ್ನು ತಿರುಗಿಸಿದರೆ ಸಾಮಾನ್ಯವಾಗಿ 25ರಿಂದ 35 ವಾಯುಭಾರದಷ್ಟು ತೋರಬೇಕು. ತಯಾರಕರ ಕೈಪಿಡಿಯಲ್ಲಿ ನಿಖರವಾದ ಅಂಕಿಯಿರುತ್ತದೆ. ಒಟ್ಟು ಒತ್ತಡದಷ್ಟೇ ಮುಖ್ಯವಾದುದು ಸಿಲಿಂಡರುಗಳ ನಡುವಣ ಸಮತೆ. ಒಂದು ಸಿಲಿಂಡರು ಉಳಿದವುಗಳಿಗಿಂತ ನೂರಕ್ಕೆ ಹತ್ತಕ್ಕೂ ಮಿಗಿಲಾಗಿ ಕಡಮೆ ತೋರಿದರೆ ಅಲ್ಲಿ ದೋಷವಿದೆ. ಸವೆದ ಸಿಲಿಂಡರನ್ನು ಕೊರೆಸಿ ದೊಡ್ಡ ಪಿಸ್ಟನ್ನು ಹಾಕುವ, ಅಥವಾ ಒಳಗವಸನ್ನೇ ಬದಲಿಸುವ ಕೆಲಸವು ನೂರನೆಯ ಮಿಲಿಮೀಟರಿನ ಲೆಕ್ಕದ್ದು. 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳಿಂದ ಹೆಸರಾದ ಹರಿಹರಕ್ಕೆ ಇಂಥ ಅಳತೆ ಹೊಸತಲ್ಲ. ಆ ಕಾರ್ಖಾನೆ ಮುಚ್ಚಿ ವರ್ಷಗಳೇ ಕಳೆದಿದ್ದರೂ, ಅಳೆಯದೆ ಹೇಳಿದ ಮಾತನ್ನು ನಂಬಬಾರದೆಂಬ ಆ ಕಸುಬಿನ ಪಾಠ ಕೊಳ್ಳುವವರಿಗೆ ಇಂದೂ ಸಲ್ಲುತ್ತದೆ.

50ಕ್ಕಿಂತ ಹೆಚ್ಚು ಅಶ್ವಶಕ್ತಿಯ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಕಟ್ಟುನಿಟ್ಟಾದ ಹೊಗೆನಿಯಮ ಬಂದಿದ್ದು, ಅವುಗಳಲ್ಲಿ ಇಂಧನದ ಸಿಂಪಡಿಕೆಯನ್ನು ವಿದ್ಯುನ್ಮಾನ ಸಾಧನಗಳು ನಿಯಂತ್ರಿಸುತ್ತವೆ. ಅಂಥದನ್ನು ಕೊಳ್ಳುವವರು ದೋಷಸೂಚಕ ಯಂತ್ರವಿರುವ ಮೇಸ್ತ್ರಿಯನ್ನೇ ಕರೆದೊಯ್ಯಬೇಕು.

ಹಿಂದಿನ ಬಾಳಿನ ಗುರುತುಗಳು

ಟ್ರ್ಯಾಕ್ಟರಿನ ವಯಸ್ಸನ್ನು ಮೈಲಿಗಳಲ್ಲಲ್ಲ, ದುಡಿದ ಗಂಟೆಗಳಲ್ಲಿ ಎಣಿಸುತ್ತಾರೆ. ಹಳೆಯ ಯಾಂತ್ರಿಕ ಮಾಪಕಗಳು ಎಂಜಿನ್ನಿನ ಸುತ್ತುಗಳನ್ನೆಣಿಸಿ ಗಂಟೆಯಾಗಿ ತೋರಿಸುವುವು. ನಿಧಾನವಾಗಿ ಓಡಿದ ಗಂಟೆ ಅವುಗಳಲ್ಲಿ ಪೂರ್ಣ ಗಂಟೆಯಾಗಿ ದಾಖಲಾಗದು. ತಂತಿ ಕಡಿದರಂತೂ ಕಾಲವೇ ನಿಂತುಹೋಗುತ್ತದೆ. ಆದುದರಿಂದ ಮಾಪಕವನ್ನು ಮೈಯ ಸವೆತದೊಡನೆ ಹೋಲಿಸಿ ನೋಡಬೇಕು. ಮಾಪಕ ಸಾವಿರದೈನೂರು ಗಂಟೆ ಹೇಳುತ್ತಿರುವಾಗ ಪೆಡಲುಗಳ ಲೋಹ ನುಣ್ಣಗೆ ತೇದಿದ್ದರೆ, ಚುಕ್ಕಾಣಿಯ ಚಕ್ರ ಕಾಲು ಸುತ್ತು ತಿರುಗಿದ ಮೇಲೆ ಮುಂಗಾಲಿ ಅಲುಗಿದರೆ, ಇವುಗಳಲ್ಲಿ ನಂಬತಕ್ಕದ್ದು ಲೋಹವನ್ನೇ.

ಯಂತ್ರವು ಎಂಥ ಕೆಲಸ ಮಾಡಿ ಬಂದಿದೆ ಎಂಬುದೂ ಮೈಮೇಲೆ ಬರೆದಿರುತ್ತದೆ. ಹೊರೆಯನ್ನೇ ಎಳೆದ ಟ್ರ್ಯಾಕ್ಟರಿನ ಹಿಂದಿನ ಟೈರುಗಳ ಗೆಣ್ಣುಗಳು ನಡುವೆ ಹೆಚ್ಚಾಗಿ ಸವೆದಿರುತ್ತವೆ, ಕೊಂಡಿಯ ಗುಂಡನೆಯ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ, ಕ್ಲಚ್ಚು ತೇದಿರುತ್ತದೆ. ಕ್ಲಚ್ಚಿನ ಪರೀಕ್ಷೆ ಸುಲಭ. ಬಯಲಿನಲ್ಲಿ ನಿಲ್ಲಿಸಿ, ಎದುರಿಗೆ ಯಾರೂ ಇಲ್ಲದಂತೆ ನೋಡಿಕೊಂಡು, ಬ್ರೇಕನ್ನು ಭದ್ರವಾಗಿ ಒತ್ತಿ, ಅತಿ ಮೇಲಿನ ಗೇರಿಗೆ ಹಾಕಿ ಕ್ಲಚ್ಚನ್ನು ಮೆಲ್ಲಗೆ ಬಿಡಿರಿ. ಎಂಜಿನ್ನು ಉಸಿರುಕಟ್ಟಿ ನಿಂತುಹೋಗಬೇಕು. ನಿಲ್ಲದೆ ಓಡುತ್ತಲೇ ಇದ್ದರೆ ಕ್ಲಚ್ಚು ಜಾರುತ್ತಿದೆ.

ನಮ್ಮ ನೀರಾವರಿ ಪ್ರದೇಶದ ವಿಶೇಷವೊಂದುಂಟು. ಬತ್ತದ ಗದ್ದೆಯಲ್ಲಿ ಕೆಸರು ಕಲಸುವಾಗ ಟ್ರ್ಯಾಕ್ಟರು ಅಚ್ಚಿನವರೆಗೆ ಕೆಸರುನೀರಿನಲ್ಲಿ ನಿಂತು ದುಡಿಯುತ್ತದೆ. ಅಚ್ಚಿನ ಕೊನೆಯ ಮುದ್ರೆಗಳು ಸವೆದಿದ್ದರೆ ಆ ನೀರು ಗೇರಿನೆಣ್ಣೆಗೂ ಬ್ರೇಕಿನ ಮನೆಗೂ ಇಳಿಯುತ್ತದೆ. ನುಣುಪಾದ ಆ ಕೆಸರು ಗೇರು, ಗುಂಡುಗಳ ನಡುವೆ ಸೇರಿ ಉಜ್ಜುವ ಪುಡಿಯಂತೆ ಕೆಲಸ ಮಾಡುತ್ತದೆ. ಹಿಂದಿನ ಅಚ್ಚಿನ ಎಣ್ಣೆಯನ್ನು ತಳದ ತಿರುಪಿನಿಂದ ಒಂದು ಲೋಟದಷ್ಟು ಇಳಿಸಿ ನೋಡಿರಿ. ಮೊದಲು ನೀರು ಬಂದರೆ, ಎಣ್ಣೆ ಬೂದಿಬಣ್ಣಕ್ಕಿದ್ದರೆ, ಅದರಲ್ಲದ್ದಿದ ಅಯಸ್ಕಾಂತಕ್ಕೆ ಕಬ್ಬಿಣದ ಚೂರುಗಳು ಅಂಟಿದರೆ, ಆ ಯಂತ್ರದ ಬೆಲೆಯನ್ನು ಬೇರೆಯಾಗಿ ಕಟ್ಟಬೇಕು. ಇದೇ ಕಾರಣದಿಂದ ಎಣ್ಣೆಯಲ್ಲಿ ಮುಳುಗಿರುವ ಬ್ರೇಕುಗಳ ಟ್ರ್ಯಾಕ್ಟರು ಗದ್ದೆಯ ಸೀಮೆಗೆ ಹೆಚ್ಚು ಹೊಂದುತ್ತದೆ. ಒಣ ಬ್ರೇಕಿನ ತಟ್ಟೆಗಳಿಗೆ ಕೆಸರು ಶತ್ರು.

ನಿಲ್ಲಿಸುವ ಬಲ

ಇಲ್ಲಿಯವರೆಗೆ ಹೇಳಿದ ದೋಷಗಳು ಹಣವನ್ನು ತಿನ್ನುವಂಥವು. ಮುಂದಿನದು ಪ್ರಾಣವನ್ನು ತೆಗೆಯುವಂಥದು.

ಟ್ರ್ಯಾಕ್ಟರಿನ ಬ್ರೇಕುಗಳು ಸಾಮಾನ್ಯವಾಗಿ ಹಿಂಗಾಲಿಗಳಿಗೆ ಮಾತ್ರ ಇರುತ್ತವೆ. ನಮ್ಮ ಹಳ್ಳಿಗಳ ಅನೇಕ ಟ್ರೇಲರುಗಳಿಗೆ ಬ್ರೇಕೇ ಇರುವುದಿಲ್ಲ. ಎಂದರೆ, 8 ಟನ್ನಿನ ಓಟವನ್ನು ತಡೆಯಬೇಕಾದುದು 1600 ಕಿಲೋಗ್ರಾಂ ಹೊತ್ತ ಎರಡು ಗಾಲಿಗಳು. ಗಂಟೆಗೆ 25 ಕಿಲೋಮೀಟರಿನಂತೆ ಹೋಗುತ್ತಿರುವ ಬಂಡಿಯನ್ನು ನಿಲ್ಲಿಸಲು ಎಷ್ಟು ದೂರ ಬೇಕು? ಗಾಲಿ ಉರುಳುವ ತಡೆಯ ನೆರವನ್ನೂ ಸೇರಿಸಿ ಲೆಕ್ಕ ಹಾಕಿದರೆ ಹೀಗಾಗುತ್ತದೆ. ಟ್ರೇಲರಿಲ್ಲದ ಟ್ರ್ಯಾಕ್ಟರು ಒಣರಸ್ತೆಯಲ್ಲಿ ಸುಮಾರು 5 ಮೀಟರಿನಲ್ಲಿ ನಿಲ್ಲುತ್ತದೆ. ಹೊರೆಯ ಟ್ರೇಲರಿದ್ದರೆ ಅದೇ ರಸ್ತೆಯಲ್ಲಿ 16 ಮೀಟರು. ಮಳೆ ಬಂದು ಘರ್ಷಣಾಂಕ 0.4ಕ್ಕೆ ಇಳಿದರೆ 26 ಮೀಟರು. ಮಳೆಯೊಡನೆ ಇಪ್ಪತ್ತಕ್ಕೆ ಒಂದರ ಇಳಿಜಾರೂ ಕೂಡಿದರೆ 53 ಮೀಟರು. ಚಾಲಕನು ಅಪಾಯವನ್ನು ಕಂಡು ಕಾಲನ್ನು ಒತ್ತುವ ಒಂದು ಸೆಕೆಂಡಿನಲ್ಲಿ ಬಂಡಿ ಮುಂದುವರಿಯುವ 7 ಮೀಟರನ್ನು ಪ್ರತಿಯೊಂದಕ್ಕೂ ಕೂಡಿಸಿಕೊಳ್ಳಬೇಕು. ವೇಗವು 25ರಿಂದ 35ಕ್ಕೆ ಏರಿದರೆ ಈ ದೂರಗಳು ಹೆಚ್ಚುಕಡಮೆ ಇಮ್ಮಡಿಯಾಗುತ್ತವೆ. ಏಕೆಂದರೆ ಚಲನೆಯ ಚೈತನ್ಯವು ವೇಗದ ವರ್ಗದಂತೆ ಬೆಳೆಯುತ್ತದೆ.

ಖಾಲಿ ಟ್ರ್ಯಾಕ್ಟರಿನಲ್ಲಿ ಬ್ರೇಕನ್ನು ಪರೀಕ್ಷಿಸಿ ತೃಪ್ತರಾಗುವವರು ಐದು ಮೀಟರಿನ ಯಂತ್ರವನ್ನು ನೋಡಿ ಐವತ್ತು ಮೀಟರಿನ ಯಂತ್ರವನ್ನು ಕೊಳ್ಳುತ್ತಿದ್ದಾರೆ.

ಇದರ ಪರಿಹಾರವೂ ಭೌತವಿಜ್ಞಾನದಲ್ಲಿಯೇ ಇದೆ. ಟ್ರೇಲರಿನ ಗಾಲಿಗಳ ಮೇಲೆ 5700 ಕಿಲೋಗ್ರಾಂ ಭಾರ ಇದೆಯಷ್ಟೆ; ಆ ಭಾರವನ್ನೇ ತಡೆಗೆ ಬಳಸಿಕೊಳ್ಳಬೇಕು. ಟ್ರೇಲರಿಗೆ ಬ್ರೇಕು ಹಾಕಿಸಿ, ಅದು ಗಾಲಿಗಳ ಹಿಡಿತದಲ್ಲಿ ಅರ್ಧವನ್ನು ಮಾತ್ರ ಉಪಯೋಗಿಸಿತೆಂದರೂ, ಮೇಲೆ ಹೇಳಿದ 53 ಮೀಟರು 14ಕ್ಕೆ ಇಳಿಯುತ್ತದೆ. ಇಂಥ ಬ್ರೇಕುಗಳಲ್ಲಿ ಅತಿ ಸರಳವಾದುದು ಟ್ರೇಲರಿನ ನೂಕನ್ನೇ ಬಳಸುವಂಥದು: ಟ್ರ್ಯಾಕ್ಟರು ನಿಧಾನಿಸಿದೊಡನೆ ಟ್ರೇಲರು ಮುಂದಕ್ಕೆ ತಳ್ಳುತ್ತದೆ, ಜಾರುವ ಮೂಕಿಯು ಹಿಂಜರಿದು ಸನ್ನೆಯ ಮೂಲಕ ಟ್ರೇಲರಿನದೇ ಬ್ರೇಕನ್ನು ಒತ್ತುತ್ತದೆ. ತೈಲದ ಒತ್ತಡದಿಂದಲೂ ಗಾಳಿಯ ಒತ್ತಡದಿಂದಲೂ ನಡೆಯುವ ಏರ್ಪಾಡುಗಳೂ ಉಂಟು.

ಟ್ರೇಲರಿಗೆ ಬ್ರೇಕಿಲ್ಲದಿರುವಾಗ ಇನ್ನೊಂದು ಅಪಾಯವಿದೆ. ತಿರುವಿನಲ್ಲಿ ಬ್ರೇಕು ಒತ್ತಿದರೆ ಹಿಂದಿನ 6 ಟನ್ನು ಟ್ರ್ಯಾಕ್ಟರಿನ ಬೆನ್ನನ್ನು ಓರೆಯಾಗಿ ನೂಕಿ ಅದನ್ನು ಅಡ್ಡ ತಿರುಗಿಸುತ್ತದೆ. ಇಳಿಜಾರಿನ ತಲೆಯಲ್ಲಿಯೇ ಕೆಳಗಿನ ಗೇರಿಗೆ ಹಾಕಿ ಎಂಜಿನ್ನಿನ ತಡೆಯಿಂದ ಇಳಿಯಬೇಕು; ಎಣ್ಣೆ ಉಳಿಯುವುದೆಂದು ಗೇರು ತಪ್ಪಿಸಿ ಬಿಡುವುದು ಆತ್ಮಹತ್ಯೆಗೆ ಸಮಾನ. ಗದ್ದೆಯಲ್ಲಿ ತಿರುಗಿಸುವ ಅನುಕೂಲಕ್ಕಾಗಿ ಟ್ರ್ಯಾಕ್ಟರಿಗೆ ಎಡಬಲದ ಬ್ರೇಕುಗಳಿಗೆ ಬೇರೆ ಬೇರೆ ಪೆಡಲುಗಳಿರುತ್ತವೆ. ರಸ್ತೆಗೆ ಬಂದಾಗ ಎರಡನ್ನೂ ಕೂಡಿಸುವ ಸಣ್ಣ ಚಿಲಕವೊಂದಿದೆ. ಹಳೆಯ ಯಂತ್ರದಲ್ಲಿ ಆ ಚಿಲಕ ಉಳಿದಿದೆಯೇ, ಎರಡು ಬ್ರೇಕುಗಳೂ ಸಮನಾಗಿ ಹಿಡಿಯುತ್ತವೆಯೇ ಎಂದು ನೋಡಬೇಕು. ಒಂದೇ ಹಿಡಿದರೆ ಬಂಡಿ ನಿಲ್ಲುವ ಬದಲು ತಿರುಗುತ್ತದೆ.

ರಾತ್ರಿಯ ಅಪಾಯವನ್ನು ಟ್ರ್ಯಾಕ್ಟರಿನ ಚಾಲಕನು ಕಾಣಲಾರ, ಅದು ಹಿಂದಿನಿಂದ ಬರುತ್ತದೆ. ದಾವಣಗೆರೆಯ ಮಗ್ಗುಲಲ್ಲಿ ಹಾಯುವ 48ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಕಾರೊಂದು ಗಂಟೆಗೆ 80 ಕಿಲೋಮೀಟರಿನಲ್ಲಿ ಬರುತ್ತಿದೆ, ಮುಂದೆ ದೀಪವಿಲ್ಲದ ಟ್ರೇಲರು 20 ಕಿಲೋಮೀಟರಿನಲ್ಲಿ ಹೋಗುತ್ತಿದೆ ಎನ್ನೋಣ. ಎರಡರ ನಡುವಣ ಅಂತರ ಸೆಕೆಂಡಿಗೆ ಸುಮಾರು 17 ಮೀಟರಿನಂತೆ ಕರಗುತ್ತದೆ. ತಗ್ಗಿಸಿದ ದೀಪದ ಬೆಳಕಿಗೆ ಆ ಟ್ರೇಲರು 40 ಮೀಟರು ದೂರದಲ್ಲಿ ಕಂಡರೆ ಉಳಿಯುವ ಕಾಲ ಎರಡೂವರೆ ಸೆಕೆಂಡಿಗೂ ಕಡಮೆ. ಕೆಂಪು ದೀಪವೋ ಬೆಳಕನ್ನು ಹಿಂತಿರುಗಿಸುವ ಪಟ್ಟಿಯೋ ಇದ್ದು 150 ಮೀಟರಿನಿಂದಲೇ ಕಂಡರೆ ಒಂಬತ್ತು ಸೆಕೆಂಡು. ಕೆಲವು ನೂರು ರೂಪಾಯಿಯ ಪಟ್ಟಿಗೆ ಇದಕ್ಕಿಂತ ಹೆಚ್ಚಿನ ಪ್ರತಿಫಲ ಬೇರೆಲ್ಲೂ ದೊರೆಯದು. ಸರಕಿನ ಟ್ರೇಲರಿನಲ್ಲಿ ಕೂಲಿಯವರನ್ನು ಕೂರಿಸಿ ಒಯ್ಯುವುದು ನಿಯಮಬಾಹಿರವೆಂಬುದನ್ನು ಈ ಅಂಕಿಗಳೊಡನೆ ಓದಿದರೆ ಅದರ ಅರ್ಥ ಇನ್ನಷ್ಟು ಸ್ಪಷ್ಟವಾಗುತ್ತದೆ.

ಕಾಗದಪತ್ರಗಳು

ಯಂತ್ರ ಸರಿಯಾಗಿದ್ದರೂ ಕಾಗದ ಸರಿಯಿಲ್ಲದಿದ್ದರೆ ವ್ಯಾಪಾರ ಮುಗಿದಂತಲ್ಲ. ಎಂಜಿನ್ನಿನ ಮೇಲೂ ಚೌಕಟ್ಟಿನ ಮೇಲೂ ಕೊರೆದ ಸಂಖ್ಯೆಗಳು ನೋಂದಣಿ ಪತ್ರದಲ್ಲಿರುವ ಸಂಖ್ಯೆಗಳಿಗೆ ಅಕ್ಷರಶಃ ಹೊಂದಬೇಕು. ಟ್ರೇಲರಿಗೆ ಪ್ರತ್ಯೇಕ ನೋಂದಣಿಯಿದೆ. ಅದನ್ನೂ ಕೇಳಿ ಪಡೆಯಬೇಕು. ವಿಮೆಯು ಟ್ರೇಲರನ್ನೂ ನೀವು ಮಾಡಲಿರುವ ಕೆಲಸವನ್ನೂ ಒಳಗೊಂಡಿದೆಯೇ ಎಂದು ನೋಡಬೇಕು. ಹಳೆಯ ಸಾಲವು ತೀರಿದ್ದರೆ ಸಾಲ ಕೊಟ್ಟವರ ಸಹಿಯುಳ್ಳ 35ನೆಯ ನಮೂನೆ ಬೇಕು. ಮಾರಾಟದ ನಮೂನೆಗಳು 29 ಮತ್ತು 30. 1988ರ ಮೋಟಾರು ವಾಹನಗಳ ಕಾಯಿದೆಯ 50ನೆಯ ಕಲಮಿನಂತೆ ಅದೇ ರಾಜ್ಯದೊಳಗಣ ಮಾರಾಟವನ್ನು ಮಾರಿದವನು 14 ದಿನಗಳೊಳಗೂ ಕೊಂಡವನು 30 ದಿನಗಳೊಳಗೂ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಇದು ಬರಿಯ ವಿಧಿಯಲ್ಲ. ಕೈಬದಲಾದರೂ ಹೆಸರು ಬದಲಾಗದ ವಾಹನದಿಂದ ಅಪಘಾತವಾದರೆ ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿರುವವನದೇ ಎಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿದೆ. ಆದುದರಿಂದ ಹೆಸರಿನ ಬದಲಾವಣೆ ಕೊಳ್ಳುವವನಿಗೆಷ್ಟು ಅಗತ್ಯವೋ ಮಾರುವವನಿಗೂ ಅಷ್ಟೇ ಅಗತ್ಯ.

ಕೊಳ್ಳುವ ಕ್ರಮ

ಮೇಲಿನ ವಿಷಯಗಳನ್ನೆಲ್ಲ ಒಟ್ಟುಗೂಡಿಸಿ ಹೇಳುವುದಾದರೆ ಪರೀಕ್ಷೆಯ ಕ್ರಮ ಹೀಗಿರಬೇಕು. ಮೊದಲು ಕಾಗದಗಳು ಮತ್ತು ಸಂಖ್ಯೆಗಳು. ಇಲ್ಲಿ ತಪ್ಪಿದರೆ ಮುಂದಿನ ಶ್ರಮವೇ ಬೇಡ. ಎರಡನೆಯದಾಗಿ ತಣ್ಣನೆಯ ಎಂಜಿನ್ನನ್ನು ಹೊತ್ತಿಸುವುದು, ಹೊಗೆ ಮತ್ತು ಉಸಿರನ್ನು ನೋಡುವುದು. ಮೂರನೆಯದಾಗಿ ಕ್ಲಚ್ಚು, ಹಿಂದಿನ ಅಚ್ಚಿನ ಎಣ್ಣೆ, ಕೊಂಡಿ, ಟೈರು. ನಾಲ್ಕನೆಯದಾಗಿ ನೀವು ಎಳೆಯಲಿರುವಷ್ಟೇ ಹೊರೆಯನ್ನು ಕಟ್ಟಿ, ಅರ್ಧ ಗಂಟೆಯಾದರೂ ಓಡಿಸಿ, ಏರಿನಲ್ಲಿ ಹತ್ತಿಸಿ, ತಾಪಮಾಪಕದ ಮುಳ್ಳನ್ನು ಗಮನಿಸುವುದು. ಐದನೆಯದಾಗಿ, ಜನರಿಲ್ಲದ ಸಮನೆಲದಲ್ಲಿ, ಮೊದಲು ನಡಿಗೆಯ ವೇಗದಲ್ಲಿಯೂ ಬಳಿಕ ಕೊಂಚ ಹೆಚ್ಚಿನ ವೇಗದಲ್ಲಿಯೂ, ಅದೇ ಹೊರೆಯೊಡನೆ ನಿಲ್ಲಿಸಿ ನೋಡುವುದು. ನಿಂತ ದೂರವನ್ನು ಹೆಜ್ಜೆಯಿಂದ ಅಳೆಯಿರಿ. ಮಾರುವವನು ಈ ಐದಕ್ಕೂ ಒಪ್ಪದಿದ್ದರೆ ಆ ನಿರಾಕರಣೆಯನ್ನೂ ಪರೀಕ್ಷೆಯ ಫಲವೆಂದೇ ಎಣಿಸಬೇಕು.

ಕೊನೆಯದಾಗಿ ಹಣದ ಮಾತು. 40 ಅಶ್ವಶಕ್ತಿಯದು ಸಾಕಾಗುವಲ್ಲಿ ನೆರೆಯವನದು 50ರದೆಂದು 50ರದನ್ನು ಕೊಳ್ಳುವುದುಂಟು. ಲೆಕ್ಕವು ತೋರಿಸುವಂತೆ ಆ ಹತ್ತು ಅಶ್ವಶಕ್ತಿಗಳು ಏರಿನಲ್ಲಿ ಕೆಲವು ನಿಮಿಷಗಳನ್ನು ಉಳಿಸಿಕೊಡುವುವು, ಕೆಸರಿನಲ್ಲಿ ಏನನ್ನೂ ಮಾಡಲಾರವು, ಇಳಿಜಾರಿನಲ್ಲಿ ಅಪಾಯವನ್ನು ಹೆಚ್ಚಿಸಲೂಬಹುದು. ಅದರ ಬದಲು ಸ್ವಲ್ಪ ಕಡಮೆ ಶಕ್ತಿಯ, ಒತ್ತಡ ಗಟ್ಟಿಯಾಗಿರುವ ಯಂತ್ರವನ್ನು ಆರಿಸಿ, ಉಳಿದ ಹಣದಲ್ಲಿ ಟ್ರೇಲರಿಗೆ ಬ್ರೇಕನ್ನೂ ಹಿಂಬದಿಗೆ ದೀಪವನ್ನೂ ಹಾಕಿಸುವುದು ಮೇಲು. ಬತ್ತದ ಚೀಲಗಳು ಗಿರಣಿಯನ್ನು ಹತ್ತು ನಿಮಿಷ ತಡವಾಗಿ ಮುಟ್ಟಿದರೂ ಅವುಗಳ ತೂಕ ಕಡಮೆಯಾಗದು. ಅವನ್ನು ಒಯ್ದವನು ಸಂಜೆಗೆ ಮನೆಗೆ ಹಿಂತಿರುಗಬೇಕಾದುದು ಮುಖ್ಯ.